ಬಾಲ್ಕನಿಯ ದೂರು

"ಉಂಡ ಮನೆ ಜಂತೆ ಎಣಿಸೋ ನಾಯಿ!"

ಭಾನುವಾರದ ಪ್ರಾರ್ಥನೆ ಮುಗಿದಿತ್ತು, ಯಾರೂ ಎದ್ದಿರಲಿಲ್ಲ. ಚರ್ಚಿನ ಬಾಗಿಲಿಗೆ ನಗರಸಭೆ ಬೀಗ ಜಡಿದಿದ್ದರಿಂದ ಎಲ್ಲರೂ ಅಂಗಳದ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಷ್ಟೂ ಜನರೆದುರು ಮಾವ ಈ ಮಾತನ್ನು ಉಗಿದದ್ದು ಸ್ವಂತ ಅಕ್ಕನ ಮಗನ ಮುಖಕ್ಕೆ.

ಮಾವ ಕಂಟ್ರಾಕ್ಟರ್, ಸಭೆಯ ಹಿರಿಯ. ಮಕ್ಕಳು ನಿಂತು ಹಾಡಲೆಂದು ಚರ್ಚಿನೊಳಗೆ ಬಾಲ್ಕನಿ ಕಟ್ಟಿಕೊಟ್ಟವರು. ಅಳಿಯ ನಗರಸಭೆಯ ದೂರು ವಿಭಾಗದಲ್ಲಿ ಫೋನು ಎತ್ತುವವನು. ಆ ಬಾಲ್ಕನಿ ಬೀಳುತ್ತದೆ ಎಂದು ಯಾರೋ ನಗರಸಭೆಯ ಕಿವಿಗೆ ಹಾಕಿದ್ದರು. ಯಾರೆಂದು ತಿಳಿಯಲು ಜ್ಯೋತಿಷಿ ಬೇಕೇ?

"ಇಂಜಿನಿಯರು ಬಂದವನೇ ಸೀದಾ ಬಾಲ್ಕನಿ ಕೆಳಗಿನ ಮೂರನೇ ಕಂಬದ ಗಾರೆ ಕೆದಕಿದ," ಎಂದರು ಆರ್ಗನ್ ನುಡಿಸುವ ಮೇಷ್ಟ್ರು. "ಪರೀಕ್ಷೆ ಆಗೋವರೆಗೆ ಬೀಗ ಅಂದ. ಒಳಗಿನವರು ಹೇಳ್ದೆ ಆ ಕಂಬಾನೇ ಅಂತ ಅವನಿಗೇನು ಕನಸು ಬಿತ್ತಾ?"

"ಇವನು ಕೂರೋದೂ ಆ ಕಂಬದ ಪಕ್ಕಾನೇ," ಹಿಂದಿನ ಸಾಲಿನಿಂದ ಯಾರೋ ಕೊಂಕು ನುಡಿದರು. "ಉಪದೇಶ ಬಿಟ್ಟು ಬಿರುಕು ನೋಡ್ತಿದ್ದ."

ನಗು. ಮಕ್ಕಳನ್ನು ಆ ಬಾಲ್ಕನಿಗೆ ಹತ್ತಿಸಿ ಚಪ್ಪಾಳೆ ತಟ್ಟಿದ ಜನವೇ ಇದು. ನಾಳೆ ಅದು ಕುಸಿದು ಎಳೆಯ ಹೆಣಗಳು ಸಾಲಾಗಿ ಮಲಗಿದರೂ ದೇವರ ಚಿತ್ತ ಅಂದು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದ ಜನ.

"ನನ್ನ ಮೊಮ್ಮಕ್ಕಳೂ ಅಲ್ಲೇ ಹಾಡೋವು!" ಮಾವ ಎದೆ ತಟ್ಟಿಕೊಂಡರು. "ಹೋದ ಭಾನುವಾರ ಶೀತ ಅಂತ ಕೆಳಗೆ ಕೂರಿಸ್ಕೊಂಡೆ, ಅಷ್ಟೇ. ಗಟ್ಟಿಯಿಲ್ಲದ್ದನ್ನ ನಾನು ಕಟ್ತೀನಾ?"

ಪಾಸ್ಟರ್ ಅಳಿಯನ ಮುಂದೆ ಬಂದರು. "ಯಾರಪ್ಪಾ ದೂರು ಕೊಟ್ಟದ್ದು?"

"ದೂರು ಕೊಟ್ಟವರ ಹೆಸರು ಹೇಳೋ ಹಾಗಿಲ್ಲ ಪಾಸ್ಟರ್. ಆಫೀಸಿನ ರೂಲು."

"ನಿನ್ನ ಹೆಸರು ನೀನೇ ಮುಚ್ಕೊಳ್ಳೋಕೂ ರೂಲಾ?" ಮೇಷ್ಟ್ರು ಕೇಳಿದರು. ಮತ್ತೆ ನಗು.

"ಆಫೀಸು ದೊಡ್ಡದೋ, ದೇವರು ದೊಡ್ಡವನೋ?" ಪಾಸ್ಟರ್ ದನಿ ಏರಿತು. "ಸುಳ್ಳು ಹೇಳಬಾರದು ಅಂತ ಇಲ್ಲೇ ಅಲ್ವಾ ಕಲಿತದ್ದು?"

"ಸುಳ್ಳು ಹೇಳ್ತಿಲ್ಲ. ಸುಮ್ನಿದ್ದೀನಿ. ಅದನ್ನೂ ಇಲ್ಲೇ ಕಲಿತದ್ದು."

"ಹಾಗಾದ್ರೆ ಇದರ ಮೇಲೆ ಕೈಯಿಟ್ಟು ಹೇಳು." ಪಾಸ್ಟರ್ ಬೈಬಲ್ ಚಾಚಿದರು.

ಮಾವ ಕುರ್ಚಿ ಉರುಳಿಸಿಕೊಂಡು ಎದ್ದು ನಡುವೆ ಬಂದರು. "ಬೇಡ ಬೇಡ! ಇಂಥವನ ಕೈಗೆ ಬೈಬಲ್ ಯಾಕೆ ಕೊಡ್ತೀರಿ? ಏನಿದ್ರೂ ನಮ್ಮಕ್ಕನ ಮಗ. ಇಷ್ಟಕ್ಕೇ ಬಿಟ್ಬಿಡಿ."

ಎಂಥ ದೊಡ್ಡ ಮನಸ್ಸು ಎಂದು ಹೆಂಗಸರ ಸಾಲು ಲೊಚಗುಟ್ಟಿತು. ಬೈಬಲ್ ಹಿಂದಕ್ಕೆ ಹೋಯಿತು. ಮಾವ ಹಣೆ ಒರೆಸಿಕೊಂಡರು.

ಆಗ ಅಮ್ಮ ಎದ್ದಳು. ಗಂಡ ಸತ್ತ ಮೇಲೆ ತಮ್ಮನ ನೆರಳಲ್ಲೇ ಮಗನನ್ನು ಸಾಕಿದವಳು. ಹತ್ತಿರ ಬಂದು ಮಗನ ತೋಳು ಹಿಡಿದಳು.

"ನಾನಲ್ಲಮ್ಮ ಅಂತ ಒಂದು ಮಾತು ಹೇಳೋ. ನಂಬ್ತೀನಿ."

ಅವನು ಬಾಯಿ ತೆರೆದ. ಅಮ್ಮನ ಭುಜದಾಚೆ ಮಾವನ ಮುಖ ಕಂಡಿತು. ಬಾಯಿ ಮುಚ್ಚಿದ.

"ಹೇಳಲ್ವಾ? ಹಾಗಾದ್ರೆ ನನ್ನ ತಮ್ಮನ ಮಾನ ತೆಗೆದೋನು ನನ್ನ ಹೊಸಲು ತುಳೀಬೇಡ." ತೋಳು ಬಿಟ್ಟಳು.

ಅವನು ಗೇಟಿನತ್ತ ತಿರುಗಿದ. ಕುರ್ಚಿಗಳು ಸರಿದು ದಾರಿ ಬಿಟ್ಟವು, ಮುಟ್ಟಿದರೆ ಅಂಟೀತು ಎಂಬಂತೆ.

"ಓಡ್ತಾನೆ ನೋಡಿ, ಕಳ್ಳ!" ಬೆನ್ನ ಹಿಂದೆ ಕೂಗಿದ್ದು, "ಸರಳು ಕಮ್ಮಿ ಹಾಕ್ಬಿಟ್ಟೆ ಕಣೋ ಅಳಿಯಾ, ಮೂರನೇ ಕಂಬ ನಿಲ್ಲಲ್ಲ, ಹೆಂಗಾದ್ರೂ ಬೀಗ ಹಾಕಿಸು, ನಾನು ಹೇಳ್ದೆ ಅಂತ ನಿಮ್ಮಮ್ಮಂಗೂ ಹೇಳ್ಬೇಡ" ಎಂದು ಆ ವಾರ ಫೋನಿನಲ್ಲಿ ಬಿಕ್ಕಿಬಿಕ್ಕಿ ಅತ್ತಿದ್ದ ಅದೇ ದನಿ. ಅವನು ಗೇಟು ದಾಟಿ ನಡೆದುಹೋದ.