ಎಂಟು ರಂಧ್ರಗಳ ಇಂಜೆಕ್ಟರ್

ಟೊರಾಲ್ಫ್ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಸೀಲು ಹಾಕಿದ. ದೋಣಿಯ ಒಡೆಯ, ಮುದಿ ಮೀನುಗಾರ ಎಂಡ್ರೆ, ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನು ಗುಟ್ಟಾಗಿ ಟ್ಯಾಂಕಿಗೆ ತನ್ನದೇ ಡೀಸೆಲ್ ಸುರಿಯುತ್ತಿದ್ದಾನೆ ಎಂಬ ಗುಮಾನಿ ಟೊರಾಲ್ಫ್‌ಗೆ. ಡೀಸೆಲ್ ಕದಿಯುವವರು ಬಂದರು ನಗರ ಬೆರ್ಗೆನ್‌ನಲ್ಲೂ ಇದ್ದಾರು. ಕದ್ದು ತುಂಬಿಸುವವನನ್ನು ಹಿಡಿಯಹೊರಟ ಎಂಜಿನಿಯರ್ ಮಾತ್ರ ತಾನೊಬ್ಬನೇ ಇರಬೇಕು ಎಂದು ಅವನಿಗೂ ಅನಿಸಿತು.

ಕಾರಣವಿತ್ತು. ಹಳೆಯ ಇಂಜೆಕ್ಟರ್ ಐದು ರಂಧ್ರಗಳಿಂದ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುತ್ತಿತ್ತು. ಟೊರಾಲ್ಫ್‌ನದಕ್ಕೆ ಎಂಟು, ಕೂದಲೆಳೆಯಷ್ಟು ಸಣ್ಣವು. ಹನಿ ನುಣ್ಣಗಾದಷ್ಟೂ ಪೂರ್ತಿ ಉರಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ. ಈ ಒಂದು ಮಾತಿನ ಮೇಲೆ ಅವನು ಹನ್ನೊಂದು ವರ್ಷ ಕಳೆದಿದ್ದ. ಪ್ರಯೋಗಶಾಲೆಯಲ್ಲಿ ಉಳಿತಾಯವಾದ ಡೀಸೆಲ್ ನೂರಕ್ಕೆ ಎರಡು ಪಾಲು. ಸೆಪ್ಟೆಂಬರಿನೊಳಗೆ ನಿಜವಾದ ದೋಣಿಯಲ್ಲಿ ಮೂರು ತೋರಿಸದಿದ್ದರೆ ವಿಭಾಗಕ್ಕೆ ಬೀಗ ಎಂದು ಮೇಲಧಿಕಾರಿ ರಾಗ್ನ್‌ಹಿಲ್ಡ್ ನಗುನಗುತ್ತಲೇ ಹೇಳಿದ್ದಳು.

ಅದನ್ನು ಜೋಡಿಸಿದ ಮೇಲೆ ಎಂಡ್ರೆಯ ದೋಣಿಯಲ್ಲಿ ಉಳಿದದ್ದು ಮೂವತ್ತೈದು.

ಸೀಲು ಹಾಕಿದ ವಾರ ಅದು ಮೂವತ್ತೆಂಟಾಯಿತು.

ಆಗ ಟೊರಾಲ್ಫ್ ತನ್ನನ್ನು ತಾನು ನಂಬಿದ. ಐವತ್ತೆರಡು ವರ್ಷಗಳಲ್ಲಿ ಇದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಅತಿಯಾಗಿಯೇ ನಂಬಿದ. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ತಪ್ಪು ಭೌತಶಾಸ್ತ್ರದ್ದೇ ಇರಬಹುದು ಎಂದುಕೊಂಡ. ಕನ್ನಡಿಯ ಮುಂದೆ ನಿಂತು ಪ್ರಶಸ್ತಿ ಸ್ವೀಕರಿಸುವ ಭಾಷಣ ಅಭ್ಯಾಸ ಮಾಡಿದ್ದನ್ನು ಈಗ ಅವನೇ ಎಲ್ಲರಿಗೂ ನಟಿಸಿ ತೋರಿಸುತ್ತಾನೆ.

ಎಂಡ್ರೆ ದೋಣಿಯ ಹೊತ್ತು ಬರೆದಿಡುವ ಪುಸ್ತಕವನ್ನೂ ತಿರುವಿಹಾಕಿದ. ಹೊರಟದ್ದು ಬೆಳಿಗ್ಗೆ ಆರು, ಮರಳಿದ್ದು ಸಂಜೆ ನಾಲ್ಕು. ದಿನವೂ ಹತ್ತು ಗಂಟೆ, ಮೊದಲಿನಷ್ಟೇ.

"ಎಂಜಿನ್ ಹೇಗಿದೆ?" ಎಂದು ಕೇಳಿದ.

"ಸದ್ದೇ ಇಲ್ಲ ಕಣಪ್ಪ," ಎಂದ ಎಂಡ್ರೆ, ಹಗ್ಗ ಸುತ್ತುತ್ತ.

"ಹೊಗೆ?"

"ಇಡೀ ದಿನ ಕೂತು ನೋಡಿದ್ರೂ ಒಂದೆಳೆ ಕಾಣಲ್ಲ. ನಂಗೆ ಹತ್ತು ವರ್ಷ ಆಯಸ್ಸು ಬಂದ ಹಾಗಾಗಿದೆ."

ಮೀನು ಮಾತ್ರ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಈ ವರ್ಷ ಕಾಡ್ ಮೀನು ಎಲ್ಲರನ್ನೂ ಸತಾಯಿಸುತ್ತಿದೆ ಎಂದು ಟೊರಾಲ್ಫ್ ತಾನೇ ಸಮಾಧಾನ ಹೇಳಿದ.

ಅವನನ್ನು ಹೆಚ್ಚು ಕಲಕಿದ್ದು ತಾಯಿ ಗುನ್‌ವೋರ್. ಎದುರಿನ ಹೆಗ್ರೆ ದ್ವೀಪದಲ್ಲಿ ಅಂಚೆ ಕಚೇರಿ ನಡೆಸಿ ನಿವೃತ್ತಳಾಗಿ ಅಲ್ಲೇ ಒಬ್ಬಳೇ ಇದ್ದ ಆಕೆ ಮಗನ ಕೆಲಸದ ಬಗ್ಗೆ ಒಂದು ದಿನವೂ ವಿಚಾರಿಸಿದವಳಲ್ಲ. ಈಗ ವಾರಕ್ಕೆರಡು ಸಲ ಫೋನ್ ಮಾಡಿ, ಪ್ರಯೋಗ ಇನ್ನೆಷ್ಟು ದಿನ ಎಂದು ಕೇಳುತ್ತಿದ್ದಳು.

"ಇನ್ನೊಂದು ತಿಂಗಳು ನಡೀಲಿ ಮಗ. ಅವಸರ ಮಾಡಿದ್ರೆ ಕೆಲಸ ಕೆಡತ್ತೆ," ಎಂದಳು ಒಮ್ಮೆ. ಮನೆಗೆ ಬರುವ ಮುನ್ನ ಫೋನ್ ಮಾಡುವುದನ್ನು ಮರೆಯಬೇಡ ಎಂದೂ ಸೇರಿಸಿದಳು. ಅಮ್ಮನಿಗೂ ಕೊನೆಗೆ ದಹನಕ್ರಿಯೆಯಲ್ಲಿ ಆಸಕ್ತಿ ಹುಟ್ಟಿತಲ್ಲ ಎಂದು ಅವನ ಕಣ್ಣು ತೇವವಾಯಿತು.

ಆಗಸ್ಟಿನ ಒಂದು ಮಧ್ಯಾಹ್ನ, ಹೊಗೆ ಅಳೆಯುವ ಯಂತ್ರದೊಂದಿಗೆ, ರಾಗ್ನ್‌ಹಿಲ್ಡ್‌ಳನ್ನು ಕಂಪನಿಯ ಬೋಟಿನಲ್ಲಿ ಕೂರಿಸಿಕೊಂಡು ಅವನು ಸಮುದ್ರಕ್ಕೆ ಹೊರಟ. ಎಂಡ್ರೆಗೆ ಹೇಳಿರಲಿಲ್ಲ. ಹೇಳಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ ಎಂದು ದಾರಿಯುದ್ದಕ್ಕೂ ಆಕೆಗೆ ಪಾಠ ಹೇಳಿದ.

ಎಂಡ್ರೆ ಬಲೆ ಬೀಸುವ ಜಾಗ ಖಾಲಿಯಿತ್ತು. ರೇಡಿಯೋದಲ್ಲಿ ಕರೆದರೂ ಉತ್ತರವಿಲ್ಲ. ಎಂಡ್ರೆಗೆ ಎಪ್ಪತ್ತೊಂದು ವಯಸ್ಸು, ದೋಣಿಯಲ್ಲಿ ಒಬ್ಬನೇ. ಟೊರಾಲ್ಫ್ ದುರ್ಬೀನು ಎತ್ತಿ ಸುತ್ತಲ ನೀರನ್ನೆಲ್ಲ ಜಾಲಾಡಿದ. ತನ್ನ ಎಂಟು ರಂಧ್ರಗಳು ಒಂದು ಜೀವವನ್ನೇ ತೆಗೆದವೇ? ಅಂಕಿಅಂಶ, ಭಾಷಣ ಎಲ್ಲ ಮರೆತುಹೋಯಿತು. ಬಂಡೆಬಂಡೆಯ ಸಂದಿಯಲ್ಲೂ ಹುಡುಕುತ್ತ ಅವರು ದಡದತ್ತ ತಿರುಗಿದರು.

ಹೆಗ್ರೆ ದ್ವೀಪದ ಹಿಂಬದಿಯಲ್ಲಿ, ಊರಿಗೆ ಕಾಣದ ಕಡೆ, ಆ ದೋಣಿ ಬಂದೋಬಸ್ತಾಗಿ ಕಟ್ಟಿ ನಿಂತಿತ್ತು. ಟೊರಾಲ್ಫ್ ಹಾರಿ ಹತ್ತಿ ಎಂಜಿನ್ ಮುಟ್ಟಿದ. ಮಂಜಿನಷ್ಟು ತಣ್ಣಗಿತ್ತು.

"ಗಂಟೆಗೆ ಸೊನ್ನೆ ಲೀಟರ್," ಎಂದಳು ರಾಗ್ನ್‌ಹಿಲ್ಡ್. "ಇದಕ್ಕಿಂತ ಹೆಚ್ಚು ಉಳಿಸೋಕೆ ಯಾರಿಂದಲೂ ಆಗಲ್ಲ ಬಿಡಿ."

ಮೇಲಿನ ಮನೆಯ ಮೆಟ್ಟಿಲ ಮೇಲೆ ಎಂಡ್ರೆ ಹೆಗಲಿಗೆ ಟವೆಲು ಹೊದ್ದು, ಕಣ್ಣು ಮುಚ್ಚಿ ಕೂತಿದ್ದ. ಹಿಂದೆ ನಿಂತು, ಏನೋ ಗುನುಗುತ್ತ ಅವನ ಕೂದಲು ಕತ್ತರಿಸುತ್ತಿದ್ದವಳು ಟೊರಾಲ್ಫ್‌ನ ತಾಯಿ ಗುನ್‌ವೋರ್.