ಬಳೆಯಿಲ್ಲದ ಕೈ

"ಏನಪ್ಪಾ ಪಿಳ್ಳಣ್ಣ, ನನ್ನ ಮೇಲೆ ಮಸಿ ಬಳಿ ಅಂತ ಯಾರು ಹೇಳಿದ್ರು ನಿಂಗೆ?"

ಮುನಿವೆಂಕಟಮ್ಮ ಫೋಟೋವನ್ನು ಬಡಿದ ರಭಸಕ್ಕೆ ಸ್ಟುಡಿಯೋದ ಗಾಜಿನ ಮೇಜು ಗಡಗಡ ಎಂದಿತು. ಮಗಳು ಕದಿರಮ್ಮನ ಮದುವೆಯಾಗಿ ಹತ್ತು ದಿನವಾಗಿತ್ತು. ಫೋಟೋದ ಎಡಗಡೆ ಗಂಡು ಹೆಣ್ಣು ಹಾರ ಹಾಕಿಕೊಂಡು ಬೆಳಗುತ್ತಿದ್ದರು. ಬಲಗಡೆಯ ಅರ್ಧ ಪೂರ್ತಿ ಕಪ್ಪು. ಆ ಕಪ್ಪಿನೊಳಗಿನಿಂದ ಚಾಚಿ ಮಗಳ ಹೆಗಲ ಮೇಲೆ ಕೂತ, ಬಳೆಯಿಲ್ಲದ ಒಂದು ಕೈ ಮಾತ್ರ ಕಾಣುತ್ತಿತ್ತು.

ಗಂಡ ಸತ್ತವಳು ಹಸೆಯ ಹತ್ತಿರ ಸುಳಿಯಬಾರದಂತೆ! ಹದಿನಾಲ್ಕು ವರ್ಷ ಮಗ್ಗದ ಮುಂದೆ ನಿಂತು ಮಗಳನ್ನು ಸಾಕಬಹುದು, ಅವಳುಟ್ಟ ಧಾರೆ ಸೀರೆಯನ್ನೂ ನೇಯಬಹುದು, ಪಕ್ಕದಲ್ಲಿ ನಿಂತರೆ ಮಾತ್ರ ಅಪಶಕುನ. ತಾಳಿ ಕಟ್ಟುವಾಗ ಮುನಿವೆಂಕಟಮ್ಮ ಛತ್ರದ ಅಡುಗೆಮನೆಯಲ್ಲಿದ್ದಳು. "ಅವ್ವ ಬರೋಗಂಟ ನಾನು ಹಸೆ ಬಿಟ್ಟು ಏಳಲ್ಲ" ಎಂದು ಕದಿರಮ್ಮ ಹಟ ಹಿಡಿದು ಕೂತಿದ್ದಕ್ಕೆ, ಒಂದೇ ಮನೆಯಲ್ಲಿದ್ದ ಮೈದುನ ಚಿಕ್ಕವೆಂಕಟಪ್ಪ ಹಲ್ಲು ಕಡಿಯುತ್ತಾ, "ಒಂದು ಫೋಟೋ, ಅಷ್ಟೇ" ಎಂದು ಒಪ್ಪಿದ್ದ. ಆ ಒಂದು ಫೋಟೋವೇ ಇದು.

"ಯಾರೂ ಹೇಳಿಲ್ಲ ಕಣಮ್ಮಾ. ಇದು ಕ್ಯಾಮೆರಾದ ಎಡವಟ್ಟು."

"ಕುಣೀಲಾರ್‍ದೋಳು ನೆಲ ಡೊಂಕು ಅಂದ್ಲಂತೆ! ಕತ್ತಲೆ ಸುರಿಯಕ್ಕೆ ನನ್ನ ಮೈಯೇ ಸಿಗ್ತಾ ನಿನ್ನ ಕ್ಯಾಮೆರಾಗೆ?"

ಪಿಳ್ಳಣ್ಣನಿಗೂ ರೇಗಿತು. ದೊಡ್ಡಬಳ್ಳಾಪುರದಲ್ಲಿ ಬಲ್ಬು ಬದಲಾಯಿಸುವ ರಗಳೆಯಿಲ್ಲದ ಫ್ಲಾಷನ್ನು ಮೊದಲು ತಂದವನು ತಾನು ಎಂಬ ಹೆಮ್ಮೆಯ ಮನುಷ್ಯ. ಫಿಲ್ಮಿಲ್ಲದ ಕ್ಯಾಮೆರಾ ತಂದು, ಬೆನ್ನಿನ ಮುಚ್ಚಳ ತೆರೆದು, ಫ್ಲಾಷ್ ಸಿಕ್ಕಿಸಿ, ಸುಣ್ಣದ ಗೋಡೆಗೆ ಹಿಡಿದ. "ಹಿಂದ್ಗಡೆಯಿಂದ ನೋಡಿ" ಎಂದು, ಮೇಲಿನ ವೇಗದ ತಿರುಗಣೆಯನ್ನು ಅರವತ್ತಕ್ಕೆ ಇಟ್ಟು ಒತ್ತಿದ. ಫಿಲ್ಮ್ ಕೂರುವ ಕಿಂಡಿಯ ತುಂಬ ಬೆಳಕು ಫಳ್ ಎಂದಿತು. ನೂರಿಪ್ಪತ್ತೈದಕ್ಕೆ ತಿರುಗಿಸಿ ಮತ್ತೆ ಒತ್ತಿದ. ಈ ಸಲ ಕಿಂಡಿಯ ಅರ್ಧಕ್ಕೆ ಮಾತ್ರ ಬೆಳಕು ಬಂತು.

"ಒಳಗೆ ಎರಡು ಬಟ್ಟೆ ಪರದೆ ಅವೆ. ಒಂದು ತೆರೀತದೆ, ಹಿಂದೇನೇ ಇನ್ನೊಂದು ಬಂದು ಮುಚ್ತದೆ. ಅರವತ್ತಕ್ಕಿಟ್ರೆ ಕಿಂಡಿ ಪೂರ್ತಿ ತೆರೆದಿರೋವಾಗ ಫ್ಲಾಷ್ ಹೊಡೀತದೆ. ನೂರಿಪ್ಪತ್ತೈದರಲ್ಲಿ ಅವಸರ. ಫ್ಲಾಷ್ ಹೊಡೆಯೋದ್ರೊಳಗೆ ಎರಡನೇದು ಅರ್ಧ ಮುಚ್ಚಿಬಿಟ್ಟಿರ್ತದೆ. ತಾಳಿ ಆದ್ಮೇಲೆ ಹೊರಗೆ ಬಿಸಿಲಲ್ಲಿ ಗಂಡಿನೋರ ಗುಂಪು ತೆಗೀತಿದ್ದೆ. ಬಿಸಿಲಿಗೆ ಫ್ಲಾಷ್ ಬೇಡ, ಹಂಗಾಗಿ ನೂರಿಪ್ಪತ್ತೈದಕ್ಕಿಟ್ಟಿದ್ದೆ. ಬೇಗ ಬಾ ಅಂತ ಒಳಕ್ಕೆ ಕರೆದ್ರು, ಓಡಿ ಬಂದೆ, ತಿರುಗ್ಸೋದು ಮರೆತ್ಬಿಟ್ಟೆ."

"ಮಗ್ಗದಲ್ಲಿ ಎಳೆಗಳ ನಡುವಿನ ಬಾಯಿ ಮುಚ್ಕಳ್ಳೋವಾಗ ಲಾಳಿ ಬಿಟ್ಟಂಗೆ" ಎಂದಳು ಮುನಿವೆಂಕಟಮ್ಮ. ಮಗ್ಗದವಳಿಗೆ ಇದೇನು ಅರ್ಥವಾಗದ ವಿದ್ಯೆಯಲ್ಲ.

"ಹ್ಞೂಂ, ಅದೇಯ! ಈಗಾದ್ರೂ ನಂಬಿದ್ರಾ?"

ನಂಬಿದಳು. ಕೋಪ ಇಳಿಯಿತು. ಮಗ್ಗದಲ್ಲಿ ಅವಳೂ ಎಷ್ಟೋ ಸಲ ಎಳೆ ತಪ್ಪಿಸಿದ್ದಾಳೆ. ಮೇಜಿನ ಮೇಲಿದ್ದ ಫೋಟೋಗಳನ್ನೆಲ್ಲ ಲಕೋಟೆಗೆ ತುಂಬತೊಡಗಿದಳು. ಒಂದು ಫೋಟೋ ಹತ್ತಿರ ಕೈ ನಿಂತಿತು. ಅದೇ ಹಸೆ, ಅದೇ ಹಾರ. ಅವಳು ನಿಂತಿದ್ದ ಜಾಗದಲ್ಲೇ ಚಿಕ್ಕವೆಂಕಟಪ್ಪನ ಹೆಂಡತಿ ಬೈರಮ್ಮ ನಿಂತಿದ್ದಾಳೆ. ಮೂಗುತಿಯ ಹರಳು ಎಣಿಸಬಹುದು, ಅಷ್ಟು ಬೆಳಕು.

"ಇದು ಯಾವಾಗ ತೆಗ್ದಿದ್ದು?"

"ನಿಮ್ಮದಾದ ತಕ್ಷಣ."

"ಇದಕ್ಕೆ ಎಷ್ಟಕ್ಕಿಟ್ಟಿದ್ದೆ?"

ಪಿಳ್ಳಣ್ಣ ಕ್ಯಾಮೆರಾದ ಮುಚ್ಚಳ ಹಾಕುತ್ತಾ ತಲೆ ತಗ್ಗಿಸಿದ. "ಅರವತ್ತಕ್ಕೆ."

"ಅಂದ್ರೆ ನಂದು ಕೆಟ್ಟೋಯ್ತು ಅಂತ ನಿಂಗೆ ಅಲ್ಲೇ ಗೊತ್ತಾಗಿತ್ತು."

"ಗೊತ್ತಾಯ್ತಮ್ಮಾ. ಅಷ್ಟರಲ್ಲಿ ನೀವು ಇಳಿದುಬಿಟ್ರಿ. ಚಿಕ್ಕವೆಂಕಟಪ್ಪನೋರು, 'ಆಯ್ತಲ್ಲ, ಮುಂದಿಂದು ನೋಡು' ಅಂತ ಕಣ್ಣು ಕೆಂಪಗೆ ಮಾಡ್ಕಂಡು ನಿಂತಿದ್ರು. ಶುಭಕಾರ್ಯದಲ್ಲಿ ಯಾಕೆ ಜಗಳ ಅಂತ ಸುಮ್ಕಾದೆ."

ಮುನಿವೆಂಕಟಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಮರೆತವನನ್ನು ಈಗತಾನೆ ಮನ್ನಿಸಿದ್ದಳು. ನೆನಪಾದ ಮೇಲೂ ಬಾಯಿ ಮುಚ್ಚಿಕೊಂಡವನನ್ನು ಏನು ಮಾಡುವುದು?

"ನಾಲ್ಕು ಹೆಜ್ಜೆ ಕಣೋ! ಅಲ್ಲೇ ಕಂಬದ ಹತ್ರ ನಿಂತಿದ್ದೆ. 'ಇನ್ನೊಂದ್ಸಲ ಬನ್ನಿ' ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕ್ಯಾಮೆರಾಗೆ ಅವಸರ ಇತ್ತು, ಅರ್ಧ ಮುಚ್ಕಂತು. ನಿಂಗೇನಪ್ಪಾ ಅವಸರ ಇತ್ತು?"

ಪಿಳ್ಳಣ್ಣ ಅರ್ಧ ಕಪ್ಪಾದ ಫೋಟೋವನ್ನು ಲಕೋಟೆಯಿಂದ ತೆಗೆದುಕೊಂಡ. ಮೇಜಿನ ಸಂದಿಯಿಂದ ಕತ್ತರಿ ತೆಗೆದ. "ತಪ್ಪಾಯ್ತಮ್ಮಾ. ಈ ಕಪ್ಪು, ಆ ಕೈ ಎಲ್ಲ ಕತ್ತರಿಸಿ, ಗಂಡು ಹೆಣ್ಣು ಇಬ್ಬರೇ ಇರೋ ಹಂಗೆ ಚೆನ್ನಾಗಿ ಮಾಡ್ಕೊಡ್ತೀನಿ."

ಮುನಿವೆಂಕಟಮ್ಮ ಫೋಟೋವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕತ್ತರಿ ಮುಟ್ಟಿದ್ರೆ ನೋಡು! ಇದನ್ನೇ, ಹಿಂಗೇ, ದೊಡ್ಡದು ಮಾಡಿ ಕಟ್ಟು ಹಾಕ್ಸು. ಚಿಕ್ಕವೆಂಕಟಪ್ಪ ದಿನಾ ಉಣ್ಣಕ್ಕೆ ಕೂತ್ಕಳ್ಳೋ ಜಾಗದ ಎದುರಿಗೇ ನಾನು ಮೊಳೆ ಹೊಡೀತೀನಿ. ಮನೆಗೆ ಬಂದೋರೆಲ್ಲ ಅವನನ್ನೇ ಕೇಳ್ಲಿ, ಈ ಕೈ ಯಾರ್‍ದು ಅಂತ."