ಅರಗು ಬಳಿದ ತಂಬೂರಿ

ದುಂಡಪ್ಪ ಸಾಹುಕಾರ ತಂಬೂರಿಯನ್ನು ಕೇದಾರಿಯ ಮನೆಯ ಮುಂದೆ ನೆಲದ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಅದರ ದಂಡಿ ಹೊಸ ಅರಗಿನ ಬಳೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಕೇದಾರಿ ಹೊಸ್ತಿಲು ದಾಟಿ ಅದರ ಹತ್ತಿರ ಬಂದ.

ಇಪ್ಪತ್ತು ವರ್ಷ ಕಲ್ಲೋಳಿಯ ಸಾಹುಕಾರರ ಕಟ್ಟೆಯ ಕೆಳಗೆ ಕುಳಿತು ಈ ತಂಬೂರಿ ನುಡಿಸಿದವನು ಕೇದಾರಿಯೇ. ಹಾಡುವವರು ಕಟ್ಟೆಯ ಮೇಲೆ. ವಾದ್ಯ ಸಾಹುಕಾರರದು, ಇಡುವ ಜಾಗ ಮಾತ್ರ ಕೇದಾರಿಯ ಮನೆ; ಅವನು ಮುಟ್ಟಿದ್ದನ್ನು ಒಳಗೆ ಒಯ್ಯುವವರು ಯಾರು? ಹೆಬ್ಬೆರಳು ಊರಿ ಊರಿ ದಂಡಿಯಲ್ಲಿ ಕುಳಿಯೇ ಬಿದ್ದಿತ್ತು. ಅಸ್ಪೃಶ್ಯತೆ ಅಪರಾಧವೆಂದು ದಿಲ್ಲಿಯಲ್ಲಿ ಕಾಯ್ದೆ ಬಂದು ಮೂರು ವರ್ಷವಾಗಿತ್ತು. ಪಾಪ, ಅದಕ್ಕೆ ಕಲ್ಲೋಳಿಯ ಬಸ್ಸು ಸಿಕ್ಕಿರಲಿಲ್ಲ.

ಈ ವರ್ಷ ಯಮಕನಮರಡಿಯ ಭಜನೆಯಲ್ಲಿ ತಾನೇ ನುಡಿಸಿ ಹಾಡಬೇಕೆಂಬ ಹುಕಿ ದುಂಡಪ್ಪನಿಗೆ ಹುಟ್ಟಿತು. ಕೇದಾರಿ ಹಿಡಿದ ದಂಡಿಯನ್ನು ಹಿಡಿಯುವುದು ಹೇಗೆ? ಗೋಕಾಕದ ಗೊಂಬೆ ಮಾಡುವವನ ಹತ್ತಿರ ಕಳಿಸಿ, ಬೆವರಿನ ಕಪ್ಪು ಹೋಗುವ ತನಕ ಕೆರೆಸಿದ. ಕುಳಿಗೆ ಹುಣಸೆ ಬೀಜದ ಅಂಟು, ಕಟ್ಟಿಗೆ ಹೊಟ್ಟು ತುಂಬಿಸಿದ. ತೆಳ್ಳಗೆ ಒಂದು ಸಲ ಅರಗು ಬಳಿದರೆ ಸಾಕು ಎಂದು ಗೊಂಬೆಯವನು ಹೇಳಿದರೂ ಕೇಳದೆ ಮೂರು ಸಲ ಬಳಿಸಿದ. ಮೈಲಿಗೆ ಒಂದು ಪದರಕ್ಕೆ ನಿಲ್ಲುತ್ತದೆಯೇ?

ಭಜನೆಯಲ್ಲಿ ಅವನು ಎತ್ತಿಕೊಂಡ ಹಾಡು ಮನುಷ್ಯರೆಲ್ಲ ಒಂದೇ ಎನ್ನುವುದು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಎರಡನೇ ನುಡಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಸೆಕೆಗೆ ಅಂಗೈ ಬೆವೆತು, ಸರಿಯಾಗಿ ಆರದ ಅರಗಿಗೆ ಮೆತ್ತಿಕೊಂಡಿತು. ಕಿತ್ತುಕೊಳ್ಳಲು ಹೋದರೆ, ಹೆಬ್ಬೆರಳಿಗೆ ನೆಲೆಯಿಲ್ಲದ ದಂಡಿ ಹೊರಳಿ ಪಕ್ಕದಲ್ಲಿ ಕುಳಿತಿದ್ದ ಕಲ್ಲಪ್ಪನ ತಲೆಗೆ ಬಡಿಯಿತು. ಮಂದಿ ಹಾಡಿಗಿಂತ ಅದಕ್ಕೇ ಹೆಚ್ಚು ತಲೆದೂಗಿದರು.

"ತಿಂಗಳೊಪ್ಪತ್ತ ಬಾರ್ಸಿ, ಮೊದಲಿನಂಗ ಕೈಗೆ ಹದಾ ಮಾಡಿ ಕೊಡೋ," ಎಂದ ದುಂಡಪ್ಪ ಈಗ. "ನಿನ್ನ ಕೈಯಾಗಿದ್ರ ಅದು ಮಾತ ಕೇಳ್ತೈತಿ."

ಕೇದಾರಿಯ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ತಂಬೂರಿ ಮನೆ ಬಿಟ್ಟ ದಿನದಿಂದ ಅವನಿಗೆ ರೊಟ್ಟಿ ರುಚಿಸಿರಲಿಲ್ಲ. ಆದರೂ ಬಗ್ಗಿದವನು ಹಾಗೇ ಕತ್ತೆತ್ತಿ ಒಂದು ಮಾತು ಕೇಳಿದ.

"ಹದಾ ಆದ ಮ್ಯಾಲ ಮತ್ತ ಗೋಕಾಕಕ್ಕ ಒಯ್ದು ಕೆರಸ್ತೀರೇನ್ರಿ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ದುಂಡಪ್ಪ ನೋಡಿದ. "ಕೆರಸಬೇಕಲ್ಲೋ ಮತ್ತ. ಇಲ್ಲಾಂದ್ರ ನಾ ಹೆಂಗ ಮುಟ್ಲಿ?"

ಕೇದಾರಿ ನಿಧಾನಕ್ಕೆ ನೆಟ್ಟಗಾದ. "ಹಂಗಾರ ನೀವ ಹಿಡೀರಿ ಸಾವ್ಕಾರ್ರ. ಇಪ್ಪತ್ತ ವರ್ಷಕ್ಕ ತಾನ ಕುಳಿ ಬೀಳ್ತೈತಿ," ಎಂದು ಒಳಗೆ ಹೋಗಿ ಕದ ಮುಚ್ಚಿಕೊಂಡ.

ತಂಬೂರಿ ಮಣ್ಣಲ್ಲೇ ಬಿದ್ದಿತ್ತು. ಬಗ್ಗಿದಾಗ ಕೇದಾರಿಯ ಬೆರಳು ಅದಕ್ಕೆ ತಾಗಿತೋ ಇಲ್ಲವೋ ಎಂಬುದು ಬಗೆಹರಿಯದೆ, ದುಂಡಪ್ಪ ಬಿಸಿಲಲ್ಲಿ ನಿಂತೇ ಇದ್ದ.